ವಿಮಾನ ಹತ್ತುವ ಮುನ್ನ: ಹೊರದೇಶದಿಂದ ಬಂದು ಮಗುವನ್ನು ದತ್ತು ಪಡೆಯುವವರಿಗೆ ಬೆಂಗಳೂರಿನ ಮೊದಲ ದಿನಗಳು

ಹೊರದೇಶದಲ್ಲಿ ನೆಲೆಸಿರುವ ಕನ್ನಡಿಗ ದಂಪತಿ ಇಲ್ಲಿಂದ ಮಗುವನ್ನು ದತ್ತು ಪಡೆದಾಗ, ಮಗು ಅವರ ಮಡಿಲಿಗೆ ಬಂದ ದಿನಕ್ಕೂ ವಿಮಾನ ಹತ್ತುವ ದಿನಕ್ಕೂ ನಡುವೆ ಕೆಲವು ವಾರಗಳ, ಕೆಲವೊಮ್ಮೆ ತಿಂಗಳುಗಳ ಅಂತರ ಉಳಿಯುತ್ತದೆ. ದತ್ತು ಆದೇಶ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಇವೆಲ್ಲ ಒಂದರ ಬೆನ್ನಿಗೆ ಒಂದು ಬರಬೇಕಾದವು. ಈ ಅವಧಿಯನ್ನು ಬೆಂಗಳೂರಿನ ಬಂಧುಗಳ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ಕಳೆಯುವವರು ಸಾಮಾನ್ಯವಾಗಿ ಇದನ್ನು ವ್ಯರ್ಥವಾಗಿ ಹೋದ ರಜೆಯೆಂದು ಲೆಕ್ಕ ಹಾಕುತ್ತಿರುತ್ತಾರೆ. ನನ್ನ ತಂಗಿ ಮತ್ತು ಅವಳ ಗಂಡ ಜರ್ಮನಿಯಿಂದ ಬಂದು, ರಾಜ್ಯದ ಉತ್ತರದ ಜಿಲ್ಲೆಯೊಂದರಿಂದ ಎರಡೂವರೆ ವರ್ಷದ ಹೆಣ್ಣುಮಗುವನ್ನು ಕರೆತಂದು, ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಏಳು ವಾರ ಇದ್ದರು. ಮೊದಲ ಎರಡು ವಾರ ನಾವೂ ಹಾಗೆಯೇ ಗೊಣಗಿದೆವು. ಆಮೇಲೆ ಅರ್ಥವಾಯಿತು: ಆ ಏಳು ವಾರ ಇಲ್ಲದಿದ್ದರೆ ಮಗು ತಾನು ಮಲಗುವ ಜಾಗ, ತನ್ನ ಮಾತು, ತನ್ನ ಅನ್ನ, ತನ್ನ ಹವೆ, ತನ್ನ ಜೊತೆಯ ಮಕ್ಕಳು ಎಲ್ಲವನ್ನೂ ಒಂದೇ ವಾರದಲ್ಲಿ ಕಳೆದುಕೊಳ್ಳುತ್ತಿತ್ತು. ಇಲ್ಲಿ ಉಳಿದದ್ದರಿಂದ ಅವನ್ನು ಒಂದೊಂದಾಗಿ ಬದಲಿಸಲು ಸಾಧ್ಯವಾಯಿತು. ಈ ಬರಹದಲ್ಲಿ ಹೇಳುವ ಪ್ರತಿಯೊಂದು ಸಲಹೆಯೂ ಆ ಒಂದು ನಿಯಮದಿಂದಲೇ ಹುಟ್ಟಿದ್ದು: ಒಂದು ಸಲಕ್ಕೆ ಒಂದೇ ಬದಲಾವಣೆ.

ಇಲ್ಲಿರುವ ಸಲಹೆಗಳು ಮುಖ್ಯವಾಗಿ ಒಂದರಿಂದ ಐದು ವರ್ಷದೊಳಗಿನ ಮಕ್ಕಳನ್ನು ಗಮನದಲ್ಲಿಟ್ಟುಕೊಂಡಿವೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಮುಂದೇನಾಗುತ್ತದೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸುತ್ತ ಹೋಗುವುದನ್ನು ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ಸಂಸ್ಥೆಯಲ್ಲಿ ಕೇಳಬೇಕಾದದ್ದು

ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಂದರೆ ಎಲ್ಲರ ಬಾಯಲ್ಲಿರುವ ‘ಕಾರಾ’, ತನ್ನ ಜಾಲತಾಣದ ಮೂಲಕ ಮಗುವಿನ ಅಧ್ಯಯನ ವರದಿಯನ್ನೂ ವೈದ್ಯಕೀಯ ಪರೀಕ್ಷಾ ವರದಿಯನ್ನೂ ನಿಮಗೆ ಮೊದಲೇ ಒದಗಿಸಿರುತ್ತದೆ. ಅವುಗಳಲ್ಲಿ ತೂಕ, ಎತ್ತರ, ರಕ್ತಪರೀಕ್ಷೆಯ ವಿವರಗಳಿರುತ್ತವೆ. ಆದರೆ ಮಗು ಯಾವ ಮಗ್ಗುಲಿಗೆ ಮಲಗುತ್ತದೆ, ನೀರು ಬೇಕಾದಾಗ ಏನೆನ್ನುತ್ತದೆ ಎಂಬುದು ವರದಿಯಲ್ಲಿ ಇರುವುದಿಲ್ಲ. ಅದನ್ನು ತಿಳಿದಿರುವವರು ಮಗು ಬೆಳೆದ ಸಂಸ್ಥೆಯ ಅಧೀಕ್ಷಕರಲ್ಲ, ದಿನವೂ ಮಗುವಿಗೆ ಉಣಿಸಿ ಮಲಗಿಸುವ ಆಯಾ. ಅಧೀಕ್ಷಕರ ಅನುಮತಿ ಪಡೆದು ಆಯಾ ಅವರೊಡನೆ ಒಂದು ಗಂಟೆಯಾದರೂ ಕುಳಿತು ಮಾತನಾಡುವುದನ್ನು ನಿಮ್ಮ ಪ್ರಯಾಣದ ಬಹುಮುಖ್ಯ ಕೆಲಸವೆಂದು ಪರಿಗಣಿಸಿ.

ಕೇಳಬೇಕಾದ ಪ್ರಶ್ನೆಗಳು ತೀರ ಸಣ್ಣವು. ಮಗು ಎಷ್ಟು ಹೊತ್ತಿಗೆ ಏಳುತ್ತದೆ? ತಟ್ಟಿ ಮಲಗಿಸಬೇಕೇ, ತಾನಾಗಿ ಮಲಗುತ್ತದೆಯೇ? ರಾತ್ರಿ ದೀಪ ಉರಿಯುತ್ತಿರುತ್ತದೆಯೇ? ಸ್ನಾನಕ್ಕೆ ಚೊಂಬಿನಿಂದ ನೀರು ಹಾಕುವುದೋ, ನಲ್ಲಿಯ ಕೆಳಗೆ ಕೂರಿಸುವುದೋ? ಊಟ ಕೈತುತ್ತೋ, ತಟ್ಟೆಯಲ್ಲಿ ತಾನೇ ತಿನ್ನುವುದೋ? ಯಾವ ಹಾಲು, ಎಷ್ಟು, ಸೀಸೆಯಲ್ಲೋ ಲೋಟದಲ್ಲೋ? ಪುಡಿ ಹಾಲಾಗಿದ್ದರೆ ಯಾವ ಕಂಪನಿಯದು? ಮುದ್ದಿನ ಹೆಸರೇನು? ಉಚ್ಚೆಗೆ, ಅನ್ನಕ್ಕೆ, ನಿದ್ದೆಗೆ ಯಾವ ಮಾತು ಬಳಸುತ್ತದೆ? ನಾಯಿಗೆ ಹೆದರುತ್ತದೆಯೇ, ಗಡ್ಡದವರಿಗೆ ಹೆದರುತ್ತದೆಯೇ? ಯಾವ ಮಗುವಿನ ಪಕ್ಕ ಮಲಗುತ್ತಿತ್ತು? ಉತ್ತರಗಳನ್ನು ಆಯಾ ಹೇಳಿದ ಮಾತುಗಳಲ್ಲೇ ಬರೆದುಕೊಳ್ಳಿ, ನಿಮ್ಮ ಮಾತಿಗೆ ತಿದ್ದಬೇಡಿ. ಅವರು ಮಲಗಿಸುವಾಗ ಹಾಡುವ ಪದವೇನಾದರೂ ಇದ್ದರೆ, ಒಪ್ಪಿದರೆ, ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮಗು ಮಲಗುತ್ತಿದ್ದ ಮಂಚ, ಆಡುತ್ತಿದ್ದ ಪಡಸಾಲೆ, ಆಯಾ ಇವರ ಚಿತ್ರಗಳನ್ನೂ ಕೇಳಿ ತೆಗೆದುಕೊಳ್ಳಿ, ಮುಂದೆ ಹತ್ತು ವರ್ಷದ ಮೇಲೆ ಅವು ಬೇಕಾಗುತ್ತವೆ. ಉಳಿದ ಮಕ್ಕಳ ಮುಖ ಅದರಲ್ಲಿ ಬರಬಾರದು. ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ನಿಮ್ಮ ಮಗುವಿನ ಚಿತ್ರವನ್ನು ಕೂಡ ವಾಟ್ಸಾಪ್ ಗುಂಪುಗಳಲ್ಲಿ ಹರಿಬಿಡುವ ಉತ್ಸಾಹವನ್ನು ಆದೇಶ ಕೈಗೆ ಬರುವವರೆಗೆ ತಡೆದುಕೊಳ್ಳುವುದು ಒಳಿತು.

ಇನ್ನೊಂದು ವಸ್ತುವನ್ನು ಬೇಡಿ ಪಡೆಯಬೇಕು: ಮಗು ಹೊದೆಯುತ್ತಿದ್ದ ಹಳೆಯ ದುಪ್ಪಟಿ ಅಥವಾ ತೊಡುತ್ತಿದ್ದ ಅಂಗಿ. ಅದಕ್ಕೆ ಬದಲಾಗಿ ಸಂಸ್ಥೆಗೆ ನಾಲ್ಕು ಹೊಸ ದುಪ್ಪಟಿ ಕೊಡಿ. ಆ ಹಳೆಯ ಬಟ್ಟೆಯನ್ನು ಒಗೆಯಬಾರದು. ಈ ಎಚ್ಚರಿಕೆಯನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮಗು ಮನೆಗೆ ಬಂದ ಮರುದಿನವೇ, ಮಾಸಿದ್ದ ಆ ದುಪ್ಪಟಿಯನ್ನು ನಾನೇ ವಾಷಿಂಗ್ ಮೆಷೀನಿಗೆ ಹಾಕಿದೆ. ಎರಡು ರಾತ್ರಿ ಮಗು ‘ಅರಬಿ, ಅರಬಿ’ ಎಂದು ಹುಡುಕುತ್ತಿತ್ತು. ಮೈಸೂರು, ಬೆಂಗಳೂರು ಬಿಟ್ಟು ಬೇರೆ ಕನ್ನಡ ಕೇಳದ ನಮಗೆ ಅದು ಯಾರದೋ ಹೆಸರಿರಬೇಕು ಎನಿಸಿತು. ಕೆಲಸಕ್ಕೆ ಬರುವ ಯಾದಗಿರಿಯ ಹೆಣ್ಣುಮಗಳು ಕೇಳಿ, ‘ಅಕ್ಕಾರ, ಅದರ ಅರಬಿ ಕೊಡ್ರಿ, ಬಟ್ಟಿ ಕೇಳಾಕತ್ತೈತಿ’ ಎಂದ ಮೇಲೆ ತಿಳಿಯಿತು. ಸೋಪಿನ ವಾಸನೆ ಹತ್ತಿದ ದುಪ್ಪಟಿಯನ್ನು ಕೊಟ್ಟರೆ ಮೂಸಿ ನೋಡಿ ಪಕ್ಕಕ್ಕೆ ಇಟ್ಟಿತು.

ಎಲ್ಲಿ ಇಳಿದುಕೊಳ್ಳಬೇಕು

ಹೋಟೆಲು ಮೊದಲ ಎರಡು ದಿನಕ್ಕೆ ಸರಿ, ಅದಕ್ಕಿಂತ ಹೆಚ್ಚು ದಿನಕ್ಕೆ ಅಡುಗೆಮನೆ ಇರುವ ಜಾಗವೇ ಬೇಕು. ಬಂಧುಗಳ ಮನೆಯಾದರೆ ಪ್ರತ್ಯೇಕ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಭಾಗ ಸಿಗುವಂತಿರಬೇಕು. ಸಿಗದಿದ್ದರೆ ಮುಲಾಜಿಗೆ ಬೀಳದೆ ಹತ್ತಿರದಲ್ಲೇ ಸಣ್ಣದೊಂದು ಮನೆಯನ್ನು ಬಾಡಿಗೆಗೆ ಹಿಡಿಯುವುದು ಮೇಲು. ಹತ್ತಾರು ಮಕ್ಕಳ ನಡುವೆ ಒಂದೇ ಹಜಾರದಲ್ಲಿ ಮಲಗಿ ಬೆಳೆದ ಮಗುವಿಗೆ ದೊಡ್ಡ ಮನೆಯ ನಿಶ್ಶಬ್ದ ಹೆದರಿಕೆ ಹುಟ್ಟಿಸುತ್ತದೆ. ಆದ್ದರಿಂದ ಮೊದಲ ವಾರ ಒಂದು ಕೋಣೆ, ಒಂದು ಬಚ್ಚಲು, ಒಂದು ಅಡುಗೆಮನೆ ಇಷ್ಟೇ ಅದರ ಲೋಕವಾಗಿರಲಿ. ಹಾಸಿಗೆಯನ್ನು ನೆಲದ ಮೇಲೇ ಹಾಸಿ ಮೂವರೂ ಒಟ್ಟಿಗೆ ಮಲಗಿ. ಮಹಡಿಯಾದರೆ ಬಾಲ್ಕನಿಯ ಕಂಬಿಗಳ ನಡುವಣ ಅಂತರವನ್ನು ಅಳೆದು ನೋಡಿ, ಮೆಟ್ಟಿಲಿಗೆ ಅಡ್ಡ ಬಾಗಿಲು ಹಾಕಿಸಿ. ಕುಕ್ಕರಿನ ಕೂಗು, ಮಿಕ್ಸಿಯ ಸದ್ದು, ಲಿಫ್ಟು, ಶವರು ಇವೆಲ್ಲವೂ ಹೊಸ ಭಯಗಳಾಗಿರಬಹುದು. ಮಿಕ್ಸಿ ಹಾಕುವ ಮೊದಲು ಮಗುವನ್ನು ಎತ್ತಿಕೊಂಡು ‘ಈಗ ಗುರ್ ಅನ್ನುತ್ತೆ’ ಎಂದು ಹೇಳಿ ಆಮೇಲೆ ಹಾಕುವುದು ನಮ್ಮ ಮನೆಯ ಪದ್ಧತಿಯೇ ಆಗಿಹೋಯಿತು. ಕಲಬುರಗಿ, ರಾಯಚೂರಿನ ಕಡೆಯ ಸೆಖೆಗೆ ಒಗ್ಗಿದ ಮಗುವಿಗೆ ಬೆಂಗಳೂರಿನ ಸಂಜೆ ಚಳಿಯಾಗುತ್ತದೆ ಎಂಬುದನ್ನೂ ನೆನಪಿಡಿ. ನಮಗೆ ಹಿತವೆನಿಸುವ ಗಾಳಿಗೆ ಅದು ನಡುಗುತ್ತಿರುತ್ತದೆ.

ಮಗು ಕೈಸೇರುವ ದಿನ

ಸಾಧ್ಯವಿದ್ದರೆ ಸಂಸ್ಥೆಯಿರುವ ಊರಿನಲ್ಲೇ ಮೂರು ನಾಲ್ಕು ದಿನ ಉಳಿದುಕೊಳ್ಳಿ. ಮೊದಲ ದಿನ ಒಂದು ಗಂಟೆ ಸುಮ್ಮನೆ ನೆಲದ ಮೇಲೆ ಕುಳಿತಿರಿ, ಎರಡನೆಯ ದಿನ ಆಯಾ ಉಣಿಸುವಾಗ ಪಕ್ಕದಲ್ಲಿರಿ, ಮೂರನೆಯ ದಿನ ಅವರ ಎದುರಿನಲ್ಲೇ ನೀವು ಉಣಿಸಿ. ನಾಲ್ಕನೆಯ ದಿನ ಕರೆದುಕೊಂಡು ಹೊರಟರೆ ಮಗುವಿಗೆ ನೀವು ತೀರ ಅಪರಿಚಿತರಾಗಿರುವುದಿಲ್ಲ, ಅಷ್ಟು ಸಾಕು.

ಹೊರಡುವಾಗ ಹಾರ, ಸಿಹಿ, ಸಾಲು ಸಾಲು ಚಿತ್ರಗಳು ಇರುತ್ತವೆ. ಅದನ್ನು ಹದಿನೈದು ನಿಮಿಷಕ್ಕೆ ಮುಗಿಸುವಂತೆ ವಿನಯದಿಂದ ಕೇಳಿಕೊಳ್ಳಬಹುದು. ಜರಿಯ ಲಂಗವನ್ನು ಆ ದಿನ ತೊಡಿಸಬೇಡಿ, ಹಳೆಯ ಅಂಗಿಯಲ್ಲೇ ಕರೆತನ್ನಿ. ಆಯಾ ಮಗುವನ್ನು ತಮ್ಮ ಕೈಯಿಂದ ತಾಯಿಯ ಕೈಗೆ ಕೊಡಬೇಕು. ಮಗುವಿನ ಕಣ್ಣು ತಪ್ಪಿಸಿ ಒಳಗೆ ಹೋಗಿಬಿಡುವುದು ದಯೆಯಂತೆ ಕಂಡರೂ ಮಗುವಿನ ಮಟ್ಟಿಗೆ ಅದು ಒಬ್ಬರು ಇದ್ದಕ್ಕಿದ್ದಂತೆ ಮಾಯವಾದ ಹಾಗೆ. ಇಲ್ಲಿ ನಮ್ಮ ನುಡಿಯದೇ ಒಂದು ತೊಡಕಿದೆ. ಹೊರಡುವಾಗ ‘ಹೋಗುತ್ತೇನೆ’ ಎನ್ನುವುದು ನಮ್ಮಲ್ಲಿ ಅಶುಭ, ‘ಹೋಗಿ ಬರುತ್ತೇನೆ’ ಎಂದೇ ಹೇಳಬೇಕು. ದೊಡ್ಡವರಿಗೆ ಇದು ವಾಡಿಕೆಯ ಮಾತು, ಮಗುವಿಗೆ ಮಾತ್ರ ಅದು ಕೊಟ್ಟ ಮಾತು. ‘ನಾಳೆ ಬರ್ತೀನಿ’ ಎಂದು ಸಮಾಧಾನಕ್ಕೆ ಹೇಳಿದರೆ ಮಗು ನಾಳೆ ಬಾಗಿಲು ನೋಡುತ್ತದೆ. ‘ನಾನು ಇಲ್ಲೇ ಇರ್ತೀನಿ, ನೀನು ಅಮ್ಮನ ಜೊತೆ ಹೋಗಿ ಅಲ್ಲೇ ಇರ್ತೀಯ’ ಎಂದು ಹೇಳುವಂತೆ ಆಯಾ ಅವರನ್ನು ಮೊದಲೇ ಕೇಳಿಕೊಳ್ಳಿ.

ಕಾರಿನಲ್ಲಿ ಎಂದೂ ಕೂರದ ಮಗುವಿಗೆ ವಾಂತಿಯಾಗುವುದು ಸಹಜ. ದೂರದ ಊರಾದರೆ ಕಾರಿಗಿಂತ ರೈಲಿನ ಕೆಳಗಿನ ಬರ್ತು ವಾಸಿ.

ಮೊದಲ ರಾತ್ರಿಗಳು

ನಮ್ಮ ಮನೆಗೆ ಬಂದ ಮಗು ಮೂರು ದಿನ ಅಳಲೇ ಇಲ್ಲ. ಕೊಟ್ಟದ್ದನ್ನು ತಿಂದಿತು, ಕೂರಿಸಿದಲ್ಲಿ ಕುಳಿತಿತು, ಯಾರು ಎತ್ತಿಕೊಂಡರೂ ಹೋಯಿತು. ‘ಎಷ್ಟು ಒಳ್ಳೇ ಮಗು, ನಿಮಗೆ ಎಷ್ಟು ಬೇಗ ಹೊಂದಿಕೊಂಡುಬಿಡ್ತು’ ಎಂದು ಬಂದವರೆಲ್ಲ ಹೊಗಳಿದರು, ನಾವೂ ನಂಬಿದೆವು. ನಾಲ್ಕನೆಯ ರಾತ್ರಿ ಹನ್ನೊಂದಕ್ಕೆ ಶುರುವಾದ ಅಳು ಒಂದು ಗಂಟೆ ದಾಟಿದರೂ ನಿಲ್ಲಲಿಲ್ಲ. ತಂಗಿ ತನ್ನಿಂದ ಏನೋ ತಪ್ಪಾಯಿತೆಂದು ತಾನೂ ಅಳುತ್ತ ಕುಳಿತಳು. ಮರುದಿನ ಮಕ್ಕಳ ವೈದ್ಯರು ಹೇಳಿದ ಮಾತು ನಮ್ಮ ತಿಳಿವಳಿಕೆಯನ್ನು ತಿರುಗಿಸಿ ನಿಲ್ಲಿಸಿತು. ಮೂರು ದಿನದ ಮೌನ ಹೊಂದಾಣಿಕೆಯಲ್ಲ, ಮರಗಟ್ಟಿದ ಭಯ. ಇಲ್ಲಿ ಅತ್ತರೆ ಯಾರಾದರೂ ಬರುತ್ತಾರೆ ಎಂಬ ನಂಬಿಕೆ ಸ್ವಲ್ಪ ಹುಟ್ಟಿದ ಮೇಲೆಯೇ ಮಗು ಅಳಲು ಧೈರ್ಯ ಮಾಡಿದ್ದು ಎಂದರು ಅವರು.

ಆದ್ದರಿಂದ ಅಳುವಿಗೆ ಮದ್ದು ಹುಡುಕುವ ಮೊದಲು ಜ್ವರ, ಕಿವಿನೋವು, ಹಸಿವು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅವು ಇಲ್ಲವಾದರೆ ಅಳಲು ಬಿಡಿ, ಆದರೆ ಒಂಟಿಯಾಗಿ ಬಿಡಬೇಡಿ. ಮಂದ ದೀಪ ಹಚ್ಚಿ, ನೆಲದ ಮೇಲೆ ಹತ್ತಿರ ಕುಳಿತು, ಎತ್ತಿಕೊಳ್ಳಲು ಬಿಟ್ಟರೆ ಎತ್ತಿಕೊಂಡು, ಬಿಡದಿದ್ದರೆ ಬೆನ್ನ ಮೇಲೆ ಕೈಯಿಟ್ಟು, ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಿರಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದು, ‘ನೋಡು ಕಾಗೆ, ನೋಡು ಗುಬ್ಬಿ’ ಎಂದು ಗಮನವನ್ನು ಬೇರೆಡೆಗೆ ಸೆಳೆಯುವುದು, ಫೋನಿನಲ್ಲಿ ಕಾರ್ಟೂನು ಹಾಕುವುದು ಇವು ಅಳುವನ್ನು ನಿಲ್ಲಿಸಬಹುದು, ದುಃಖವನ್ನಲ್ಲ. ಎರಡೂವರೆ ವರ್ಷದ ಮಗು ನಿಮ್ಮನ್ನು ಪಡೆಯುವ ಮೊದಲು ತನಗಿದ್ದವರನ್ನೆಲ್ಲ ಕಳೆದುಕೊಂಡಿದೆ, ಅದಕ್ಕೆ ನಿಮ್ಮ ಸಂಭ್ರಮದಲ್ಲಿ ಪಾಲುಗೊಳ್ಳುವ ಯಾವ ಕಾರಣವೂ ಇನ್ನೂ ಸಿಕ್ಕಿಲ್ಲ.

ತಂದೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಸಂಸ್ಥೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರೇ ಆದ್ದರಿಂದ ಕೆಲವು ಮಕ್ಕಳಿಗೆ ಗಂಡಸರ ದನಿ, ಗಡ್ಡ, ಎತ್ತರ ಎಲ್ಲವೂ ಹೊಸದು. ತಂಗಿಯ ಗಂಡ ಆರಡಿಯ ಆಳು. ಎರಡು ವಾರ ಮಗು ಅವನು ಬಂದರೆ ಗೋಡೆಗೆ ಮುಖ ಮಾಡುತ್ತಿತ್ತು. ಅವನು ಮಾಡಿದ್ದಿಷ್ಟೇ: ನಿಂತು ಮಾತನಾಡುವುದನ್ನು ಬಿಟ್ಟ, ಕಣ್ಣಲ್ಲಿ ಕಣ್ಣಿಡದೆ ಓರೆಯಾಗಿ ಕುಳಿತ, ದಿನವೂ ಬೆಳಿಗ್ಗೆ ಬಾಳೆಹಣ್ಣು ಸುಲಿದು ಅರ್ಧವನ್ನು ತಟ್ಟೆಯಲ್ಲಿಟ್ಟು ಇನ್ನರ್ಧವನ್ನು ತಾನು ತಿಂದ. ಹದಿನಾರನೆಯ ದಿನ ಮಗು ತಟ್ಟೆಯನ್ನು ಬಿಟ್ಟು ಅವನ ಕೈಯಿಂದಲೇ ಹಣ್ಣು ತೆಗೆದುಕೊಂಡಿತು. ದತ್ತು ಪಡೆದ ಮಗುವಿಗೆ ಅಮ್ಮನೇ ಮೊದಲು ಒಗ್ಗುತ್ತಾಳೆಂದೂ ಇಲ್ಲ. ಅಪ್ಪನನ್ನು ಹಿಡಿದು ಅಮ್ಮನನ್ನು ದೂಡುವ ಮಕ್ಕಳೂ ಇದ್ದಾರೆ. ದೂಡಿಸಿಕೊಂಡವರು ಅದನ್ನು ತಮ್ಮ ಮೇಲಿನ ತೀರ್ಪೆಂದು ತಿಳಿಯದೆ ತಟ್ಟೆಯಲ್ಲಿ ಹಣ್ಣಿಡುವ ಕೆಲಸವನ್ನು ಮುಂದುವರಿಸಬೇಕು.

ಊಟ

ಬೆಂಗಳೂರಿನ ಯಾವುದೇ ಮನೆಯಲ್ಲಿ ಸಣ್ಣ ಮಗುವಿದೆಯೆಂದರೆ ಮೊದಲು ಕೇಳಿಬರುವುದು ರಾಗಿ ಸರಿ. ನಮ್ಮ ತಾಯಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿಸಿ ತಿಂಗಳ ಮೊದಲೇ ಡಬ್ಬಿ ತುಂಬಿಟ್ಟಿದ್ದರು. ಮಗು ಒಂದು ಚಮಚ ಬಾಯಿಗಿಟ್ಟು ಉಗುಳಿತು. ಜೋಳದ ಸೀಮೆಯಿಂದ ಬಂದ ಮಗುವಿಗೆ ರಾಗಿಯ ರುಚಿಯೇ ಗೊತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಕೊಟ್ಟ ದಿನ ಎರಡು ಬಟ್ಟಲು ಖಾಲಿಯಾಯಿತು. ಮೊದಲ ಹತ್ತು ದಿನ ಸಂಸ್ಥೆಯಲ್ಲಿ ತಿನ್ನುತ್ತಿದ್ದುದನ್ನೇ, ಅದೇ ಹೊತ್ತಿಗೆ ಕೊಡಿ. ಪೌಷ್ಟಿಕತೆಯ ಕೊರತೆಯಿದ್ದರೆ ತುಪ್ಪ, ಬೇಳೆ, ಮೊಟ್ಟೆಗಳನ್ನು ಅದರೊಳಗೇ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಹಾಲನ್ನು ಬದಲಿಸಬೇಕಾದರೆ ಹಳೆಯದಕ್ಕೆ ಹೊಸದನ್ನು ದಿನಕ್ಕಿಷ್ಟೆಂದು ಬೆರೆಸುತ್ತ ವಾರದಲ್ಲಿ ಬದಲಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ಹಿರಿಯರು ಎಷ್ಟೇ ಒತ್ತಾಯಿಸಿದರೂ ಇದರಲ್ಲಿ ರಾಜಿಯಿಲ್ಲ.

ಸಾಲಾಗಿ ಕುಳಿತು ಉಂಡು ಬೆಳೆದ ಮಗು ಬಹಳ ಬೇಗ ತಿನ್ನಬಹುದು, ಅಗಿಯದೆ ನುಂಗಬಹುದು, ವಾಂತಿಯಾಗುವವರೆಗೆ ಬೇಡವೆನ್ನದಿರಬಹುದು, ದಿಂಬಿನ ಕೆಳಗೆ ಇಡ್ಲಿಯ ಚೂರು ಬಚ್ಚಿಡಬಹುದು. ಇದು ದುರಾಸೆಯಲ್ಲ, ಕಳ್ಳತನವಂತೂ ಅಲ್ಲವೇ ಅಲ್ಲ. ಸಣ್ಣ ಸಣ್ಣ ಪ್ರಮಾಣದಲ್ಲಿ ಎರಡೆರಡು ಗಂಟೆಗೆ ಕೊಡಿ. ಮಗುವಿನ ಕೈಗೆಟುಕುವಲ್ಲಿ ಏಲಕ್ಕಿ ಬಾಳೆಹಣ್ಣಿನ ಬಟ್ಟಲೊಂದು ಸದಾ ಇರಲಿ, ಅದು ಖಾಲಿಯಾಗದು ಎಂದು ಮಗುವಿಗೆ ಕಂಡರೆ ಬಚ್ಚಿಡುವುದು ತಾನಾಗಿ ನಿಲ್ಲುತ್ತದೆ. ಗಂಟಲಿಗೆ ಸಿಕ್ಕಿಕೊಳ್ಳುವ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಮಾತ್ರ ಬೇಡ. ಇನ್ನು ಉಣಿಸುವ ಬಗೆ: ಮಡಿಲಲ್ಲಿ ಕೂರಿಸಿ, ಮುಖ ನೋಡುತ್ತ ಕೈತುತ್ತು ಕೊಡುವ ನಮ್ಮ ಹಳೆಯ ಪದ್ಧತಿಗಿಂತ ಈ ದಿನಗಳಲ್ಲಿ ಒಳ್ಳೆಯದು ಬೇರೊಂದಿಲ್ಲ. ಐದು ವರ್ಷದ ಮಗುವೂ ತುತ್ತು ಕೇಳಿದರೆ ‘ಇಷ್ಟು ದೊಡ್ಡವನಾಗಿ’ ಎನ್ನದೆ ಕೊಡಿ. ತಪ್ಪಿಹೋದ ಕೆಲವು ವರ್ಷಗಳನ್ನು ಅದು ಹಾಗೆ ತುಂಬಿಸಿಕೊಳ್ಳುತ್ತಿರುತ್ತದೆ.

ನಂಟರಿಷ್ಟರು

ಬೆಂಗಳೂರಿನಲ್ಲಿ ಉಳಿದುಕೊಳ್ಳುವುದರ ಲಾಭಗಳೆಲ್ಲವನ್ನೂ ಒಂದೇ ಭಾನುವಾರದಲ್ಲಿ ಕಳೆದುಬಿಡಬಲ್ಲವರು ಪ್ರೀತಿಯ ಬಂಧುಗಳು. ಹೊರದೇಶಕ್ಕೆ ಹೋಗಿಬಿಡುವ ಮಗುವನ್ನು ಒಮ್ಮೆಯಾದರೂ ಎತ್ತಿಕೊಳ್ಳಬೇಕೆಂದು ಮಲ್ಲೇಶ್ವರದಿಂದ, ತುಮಕೂರಿನಿಂದ, ಮಂಡ್ಯದಿಂದ ಜನ ಬರುತ್ತಾರೆ. ಯಾರ ತೋಳಿಗಾದರೂ ಹೋಗುವ ಮಗುವನ್ನು ಅವರು ‘ಹೊಸಬರೆಂಬುದೇ ಇಲ್ಲ’ ಎಂದು ಮೆಚ್ಚುತ್ತಾರೆ. ನಿಜದಲ್ಲಿ ಮಗುವಿಗೆ ಎಲ್ಲರೂ ಒಂದೇ ಆಗಿರುವುದು ಗುಣವಲ್ಲ. ಈ ಜನಜಂಗುಳಿಯಲ್ಲಿ ತನ್ನವರು ಯಾರೆಂದು ಅದಕ್ಕಿನ್ನೂ ಗೊತ್ತಾಗಿಲ್ಲ ಎಂದು ಅದರ ಅರ್ಥ.

ಆದ್ದರಿಂದ ಒಂದು ನಿಯಮವನ್ನು, ಬೇಸರವಾದರೂ ಸರಿ, ಹೊರದೇಶದಿಂದ ಹೊರಡುವ ಮೊದಲೇ ಫೋನಿನಲ್ಲಿ ಎಲ್ಲರಿಗೂ ಹೇಳಿಬಿಡಿ: ಕೆಲವು ವಾರಗಳವರೆಗೆ ಮಗುವನ್ನು ಎತ್ತುವುದು, ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ತಂದೆ ತಾಯಿಯರಿಬ್ಬರೇ. ಉಳಿದವರು ಚಾಕೊಲೇಟು ತಂದರೂ ಅದನ್ನು ಅಮ್ಮನ ಕೈಗೆ ಕೊಡಬೇಕು, ಅಮ್ಮ ಮಗುವಿಗೆ ಕೊಡುತ್ತಾಳೆ. ಅಜ್ಜಿ ಅಡುಗೆ ಮಾಡಿಕೊಡಬಹುದು, ಬಟ್ಟೆ ಮಡಚಬಹುದು, ಪಕ್ಕದಲ್ಲಿ ಕುಳಿತು ಕಥೆ ಹೇಳಬಹುದು. ನಮ್ಮ ತಾಯಿಗೆ ಇದು ಬಹಳ ನೋವು ಕೊಟ್ಟಿತು. ‘ನಾನು ನಾಲ್ಕು ಮಕ್ಕಳನ್ನ ಸಾಕಿದೀನಿ, ನನಗೆ ಹೇಳಿಕೊಡ್ತೀಯಾ’ ಎಂದು ಎರಡು ದಿನ ಮಾತು ಬಿಟ್ಟರು. ಮೂರನೆಯ ವಾರದಲ್ಲಿ ಬಿದ್ದು ಮೊಣಕೈ ತರಚಿಕೊಂಡ ಮಗು, ಹತ್ತಿರವಿದ್ದ ಅವರನ್ನು ದಾಟಿ ಅಡುಗೆಮನೆಯಲ್ಲಿದ್ದ ತಂಗಿಯ ಬಳಿಗೆ ಓಡಿದಾಗ, ಅವರೇ ನನ್ನನ್ನು ಕರೆದು ತೋರಿಸಿದರು.

ಶಾಸ್ತ್ರಗಳ ಮಾತು. ಹೊಸ್ತಿಲಲ್ಲಿ ಒಬ್ಬರು ಒಂದು ಸಣ್ಣ ಆರತಿ ಎತ್ತಿದರೆ ಅಡ್ಡಿಯಿಲ್ಲ. ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆಯುವುದು, ಕಿವಿ ಚುಚ್ಚಿಸುವುದು, ಮುಡಿ ತೆಗೆಸುವುದು, ನೂರು ಜನರ ಊಟದ ನಾಮಕರಣ ಇವೆಲ್ಲ ಮುಂದಿನ ಸಲ ಊರಿಗೆ ಬಂದಾಗ ಆಗಲಿ. ಮಗುವಿಗೆ ತನ್ನ ಹೆಸರು ಗೊತ್ತಿದ್ದರೆ ಅದನ್ನು ಬದಲಿಸಬೇಡಿ, ಅದು ತನ್ನ ಜೊತೆಗೆ ತಂದಿರುವ ಕೆಲವೇ ವಸ್ತುಗಳಲ್ಲಿ ಒಂದು. ನಿಮ್ಮ ಮನೆದೇವರ ಹೆಸರಿಡಲೇಬೇಕೆಂದಿದ್ದರೆ ಜೊತೆಗೆ ಸೇರಿಸಿಕೊಳ್ಳಿ.

‘ಯಾರ ಮಗುವಂತೆ?’, ‘ಅಪ್ಪ ಅಮ್ಮ ಏನಾದರಂತೆ?’, ‘ಬಣ್ಣ ಸ್ವಲ್ಪ ಕಡಿಮೆ ಅಲ್ವಾ?’, ‘ಪುಣ್ಯದ ಕೆಲಸ ಮಾಡಿದಿರಿ’ ಈ ನಾಲ್ಕು ಮಾತುಗಳು ಬಂದೇ ಬರುತ್ತವೆ, ಅದೂ ಮಗುವಿನ ಎದುರಿಗೇ. ಮಗುವಿನ ಹಿನ್ನೆಲೆಯ ಕಥೆಯನ್ನು ಯಾರಿಗೂ ಹೇಳಬೇಡಿ. ಆ ಕಥೆ ಮಗುವಿನದು, ಅದನ್ನು ಬೇರೆಯವರಿಗಿಂತ ಮೊದಲು ಕೇಳುವ ಹಕ್ಕು ಅದಕ್ಕೇ ಇದೆ. ‘ನಮ್ಮ ಮಗು’ ಎಂಬ ಎರಡು ಪದದ ಉತ್ತರ ಸಾಕು. ಆದರೆ ದತ್ತು ಎಂಬ ಪದವನ್ನು ಮನೆಯಲ್ಲಿ ಬಚ್ಚಿಡಬೇಡಿ, ಮಗು ಅದನ್ನು ನಿಮ್ಮ ಬಾಯಿಂದ ಲಾಲಿಯಷ್ಟೇ ಸಹಜವಾಗಿ ಕೇಳುತ್ತ ಬೆಳೆಯಲಿ.

ಮಾತು

ಜರ್ಮನಿಗೆ ಹೋಗುವ ಮಗುವಿಗೆ ಈಗಿನಿಂದಲೇ ಜರ್ಮನ್ ಕಲಿಸಬೇಕೇ ಎಂದು ತಂಗಿ ಕೇಳಿದ್ದಳು. ಬೇಡ. ಮಗುವಿಗೆ ಬರುವ ಮಾತನ್ನು ನೀವು ಕಲಿಯಿರಿ. ನಮ್ಮ ‘ತಾಚಿ’, ‘ಬುವ್ವ’ ಅದಕ್ಕೆ ಗೊತ್ತಿರಲಿಕ್ಕಿಲ್ಲ. ‘ಕುಂದ್ರು’, ‘ಒಲ್ಲೆ’, ‘ಅವ್ವ’ ಎಂಬುವೇ ಅದರ ಪದಗಳಾಗಿರಬಹುದು, ಅಥವಾ ಮಗುವಿನ ಮಾತು ಉರ್ದುವೋ ತೆಲುಗೋ ಲಂಬಾಣಿಯೋ ಆಗಿರಬಹುದು. ಮೂವತ್ತು ಪದಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದರೆ ದಿನದ ಅರ್ಧ ಜಗಳ ತಪ್ಪುತ್ತದೆ. ಆಯಾ ಅವರನ್ನು ಮಗು ‘ಅವ್ವ’ ಎಂದು ಕರೆಯುತ್ತಿದ್ದರೆ ಆ ಪದವನ್ನು ಕಿತ್ತುಕೊಳ್ಳದೆ, ನಿಮ್ಮನ್ನು ‘ಅಮ್ಮ’ ಎಂದು ನೀವೇ ಹೇಳಿಕೊಳ್ಳುತ್ತ ಬನ್ನಿ.

ಹೊರಗೆ ಕರೆದೊಯ್ಯುವುದಾದರೆ ದಿನವೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಹೋಗಿ. ನಾವು ಬೆಳಿಗ್ಗೆ ಏಳಕ್ಕೆ ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಹೊಕ್ಕು ಅದೇ ಮರದ ಕೆಳಗೆ ಕುಳಿತು ಬರುತ್ತಿದ್ದೆವು. 240 ಎಕರೆಯ ತೋಟದಲ್ಲಿ ಮಗುವಿಗೆ ಬೇಕಾದದ್ದು ಒಂದು ಮರ. ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ಸುಳಿಯಬಾರದು. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಐದನೆಯ ವಾರಕ್ಕೆ ಕಾಯಲಿ, ಮಾಲುಗಳನ್ನು ಬಿಟ್ಟೇಬಿಡಿ.

ಕಾಗದಪತ್ರ ಮತ್ತು ವೈದ್ಯರು

ಬಾಲ ನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ದತ್ತು ಆದೇಶವನ್ನು ನ್ಯಾಯಾಲಯದ ಬದಲಾಗಿ ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಗಳಾಗಿ ಹೊರಡಿಸುತ್ತಾರೆ. ಮಗುವಿದ್ದ ಸಂಸ್ಥೆ ಯಾವ ಜಿಲ್ಲೆಯದೋ ಆ ಜಿಲ್ಲೆಯವರು. ಕಾರಾದ ನಿರಾಕ್ಷೇಪಣಾ ಪತ್ರದ ನಂತರ ಆದೇಶ ಬರುವವರೆಗೆ ಮಗು ದತ್ತುಪೂರ್ವ ಪೋಷಣೆಯಲ್ಲಿ ನಿಮ್ಮೊಡನೆ ಇರಬಹುದು, ಆದರೆ ದೇಶ ಬಿಡುವಂತಿಲ್ಲ. ಅಂತರದೇಶೀಯ ದತ್ತುವಿಗೆ ಸಂಬಂಧಿಸಿದ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿದೆ, ಅದರ 23ನೇ ವಿಧಿಯಂತೆ ಕಾರಾ ಕೊಡುವ ಅನುಸರಣಾ ಪ್ರಮಾಣಪತ್ರ ನಿಮ್ಮ ದೇಶದಲ್ಲಿ ದತ್ತು ಮಾನ್ಯವಾಗಲು ಬೇಕು. ಇಲ್ಲಿ ಒಂದೇ ಒಂದು ಕಿವಿಮಾತು ಹೇಳುತ್ತೇನೆ. ನಮ್ಮಲ್ಲಿ ಕುಲನಾಮದ ಬದಲು ಇನಿಷಿಯಲ್ ಇರುತ್ತದೆ, ಹೊರದೇಶದ ಕಚೇರಿಗಳಿಗೆ ಅದು ಅರ್ಥವಾಗುವುದಿಲ್ಲ. ಮಗುವಿನ ಹೆಸರು ಮತ್ತು ಕುಲನಾಮ ಆದೇಶದಲ್ಲಿ, ಜನನ ಪ್ರಮಾಣಪತ್ರದಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಕಾಗುಣಿತದಲ್ಲಿ ಇರಬೇಕು. ಒಂದು ಅಕ್ಷರದ ವ್ಯತ್ಯಾಸಕ್ಕೆ ನಾವು ಎರಡು ವಾರ ತೆತ್ತಿದ್ದೇವೆ. ಕಚೇರಿಗಳ ಓಡಾಟಕ್ಕೆ ದಂಪತಿಯಲ್ಲಿ ಒಬ್ಬರು ಮಾತ್ರ ಹೋಗಿ, ಇನ್ನೊಬ್ಬರು ಮಗುವಿನ ಬಳಿ ಉಳಿಯಬೇಕು.

ವೈದ್ಯರಲ್ಲಿಗೆ ತುರ್ತಿಲ್ಲದಿದ್ದರೆ ಎರಡನೆಯ ವಾರದಲ್ಲಿ ಹೋದರೆ ಸಾಕು. ಲಸಿಕೆಯ ಕಾರ್ಡಿನ ಮೂಲ ಪ್ರತಿ, ಹಿಂದಿನ ತೂಕದ ದಾಖಲೆಗಳು ಕೈಯಲ್ಲಿರಲಿ. ರಕ್ತಹೀನತೆ, ಜಂತುಹುಳು, ಕಜ್ಜಿ, ಹೇನು ಇವುಗಳ ಪರೀಕ್ಷೆ ಮಾಡಿಸಿ, ಕಣ್ಣು ಮತ್ತು ಕಿವಿಯನ್ನೂ ಮರೆಯಬೇಡಿ. ರಕ್ತ ಒಂದೇ ಸಲ ತೆಗೆಸಿ, ತೆಗೆಯುವಾಗ ಮಗು ನಿಮ್ಮ ಮಡಿಲಲ್ಲಿರಲಿ. ವೀಸಾಕ್ಕೆ ಬೇಕಾದ ತಪಾಸಣೆಯನ್ನು ನೀವು ಹೋಗುವ ದೇಶದ ರಾಯಭಾರ ಕಚೇರಿ ಸೂಚಿಸಿದ ವೈದ್ಯರೇ ಮಾಡಬೇಕಾಗಬಹುದು, ಮೊದಲೇ ಕೇಳಿಕೊಂಡರೆ ಎರಡು ಸಲ ಚುಚ್ಚಿಸುವುದು ತಪ್ಪುತ್ತದೆ. ಪರಿತ್ಯಕ್ತ ಮಗುವಿನ ಜನ್ಮದಿನಾಂಕ ಅಂದಾಜಿನದಾಗಿರಬಹುದು. ಬೆಳವಣಿಗೆಯನ್ನು ಪಟ್ಟಿಗೆ ಹೋಲಿಸಿ ಗಾಬರಿಯಾಗುವ ಮೊದಲು ಇದನ್ನು ನೆನೆಯಿರಿ.

ತಂದೆ ತಾಯಿಯ ಮನಸ್ಸಿನ ವಿಷಯ ಯಾರೂ ಕೇಳುವುದಿಲ್ಲ. ವರ್ಷಗಟ್ಟಲೆ ಕಾದು ಪಡೆದ ಮಗುವನ್ನು ಕಂಡು ಪ್ರೀತಿ ಉಕ್ಕದೆ ಆಯಾಸ, ಭಯ, ‘ಯಾಕಾದರೂ ಈ ಕೆಲಸಕ್ಕೆ ಕೈಹಾಕಿದೆವೋ’ ಎಂಬ ಯೋಚನೆ ಬರಬಹುದು. ಬಂದರೆ ನಾಚಬೇಡಿ, ಗಂಡಹೆಂಡಿರು ಪರಸ್ಪರ ಹೇಳಿಕೊಳ್ಳಿ. ನಿದ್ದೆ ಊಟ ಬಿಟ್ಟುಹೋಗುವಷ್ಟಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಯಾಣ ಮತ್ತು ಅಲ್ಲಿನ ಮೊದಲ ವಾರ

ವೀಸಾ ಬಂದ ದಿನವೇ ಟಿಕೆಟ್ ಕೊಳ್ಳದೆ ಹತ್ತು ದಿನ ಇಟ್ಟುಕೊಂಡು ಅಭ್ಯಾಸ ಮಾಡಿಸಿ. ಬರಿಗಾಲಲ್ಲಿ ಬೆಳೆದ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಶೂ ಹಾಕಿಸಿ. ಕಾರಿನ ಮಕ್ಕಳ ಆಸನದಲ್ಲಿ ಕೂರಿಸಿ ಬನಶಂಕರಿಯವರೆಗೆ ಹೋಗಿ ಬನ್ನಿ, ಹೊರದೇಶದಲ್ಲಿ ಅದಿಲ್ಲದೆ ಕಾರು ಹೊರಡುವುದಿಲ್ಲ. ಅಲ್ಲಿನ ಮನೆಯ ಬಾಗಿಲು, ಹಾಸಿಗೆ, ಬಚ್ಚಲುಗಳ ಚಿತ್ರಗಳನ್ನು ದಿನವೂ ತೋರಿಸಿ. ಎರಡು ವರ್ಷ ತುಂಬಿದ ಮಗುವಿಗೆ ಪ್ರತ್ಯೇಕ ಸೀಟು ಬೇಕು. ಯೂರೋಪಿನ ಕಡೆಗೆ ಹೋಗುವ ವಿಮಾನಗಳಲ್ಲಿ ಅನೇಕವು ನಡುರಾತ್ರಿಯ ಮೇಲೆ ಹೊರಡುವುದರಿಂದ, ದೇವನಹಳ್ಳಿಗೆ ಸಂಜೆಯ ದಟ್ಟಣೆ ಇಳಿದ ಮೇಲೆ, ಊಟ ಮುಗಿಸಿ ಹೊರಡುವುದು ಒಳ್ಳೆಯದು. ಆದೇಶ, ನಿರಾಕ್ಷೇಪಣಾ ಪತ್ರ, ಅನುಸರಣಾ ಪ್ರಮಾಣಪತ್ರ ಇವುಗಳ ಮೂಲ ಪ್ರತಿಗಳು ಕೈಚೀಲದಲ್ಲಿರಲಿ. ಅದೇ ಕೈಚೀಲದಲ್ಲಿ ಹಳೆಯ ದುಪ್ಪಟಿಯೂ ಇರಲಿ. ನಾನು ಒಗೆದು ಕೆಡಿಸಿದ್ದನ್ನು ತಂಗಿ ಏಳು ವಾರ ತನ್ನ ದಿಂಬಿಗೆ ಸುತ್ತಿಕೊಂಡು ಮಲಗಿದ್ದಳು, ಹೊರಡುವ ಹೊತ್ತಿಗೆ ಮಗು ಅದನ್ನು ಬಿಡದೆ ಹಿಡಿದಿತ್ತು. ವಿಮಾನ ಇಳಿಯುವಾಗ ಕಿವಿನೋವಾಗದಂತೆ ಏನನ್ನಾದರೂ ಕುಡಿಸುತ್ತಿರಿ.

ಅಲ್ಲಿ ಇಳಿದ ಮೇಲೆ, ಬೆಂಗಳೂರಿನಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಮಗು ಕೆಲವು ದಿನ ಮರೆತಂತೆ ಕಾಣಬಹುದು. ಮತ್ತೆ ಹಾಸಿಗೆ ಒದ್ದೆಯಾಗಬಹುದು, ಮತ್ತೆ ತಂದೆಯನ್ನು ಕಂಡು ಗೋಡೆಗೆ ಮುಖ ಮಾಡಬಹುದು. ಮೊದಲ ರಾತ್ರಿಯ ಪಾಠಗಳನ್ನೇ ಮೊದಲಿಂದ ಶುರುಮಾಡಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಅಲ್ಲಿನ ಅಧಿಕೃತ ದತ್ತು ಸಂಸ್ಥೆ ಮಗುವಿನ ಪ್ರಗತಿಯ ವರದಿ ಕಳುಹಿಸಬೇಕಾಗುತ್ತದೆ. ಬರುವವರನ್ನು ತನಿಖಾಧಿಕಾರಿಗಳಂತೆ ಕಾಣದೆ, ನಿದ್ದೆಯ, ಊಟದ ತೊಂದರೆಗಳನ್ನು ಮುಚ್ಚಿಡದೆ ಹೇಳಿ, ನೆರವು ಸಿಗುವುದು ಆಗಲೇ. ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಮಗು ಅಲ್ಲಿನ ನಸುಕಿನ ಮೂರಕ್ಕೆ ಎದ್ದು ಕುಳಿತರೆ ಅದಕ್ಕೆ ಬೆಂಗಳೂರಿನ ಬೆಳಿಗ್ಗೆ ಆರೂವರೆಯಾಗಿದೆ, ಹಸಿವಾಗಿದೆ. ಮತ್ತೆ ಮಲಗಿಸಲು ಹೆಣಗದೆ, ರಾತ್ರಿಯೇ ಕಲಸಿಟ್ಟ ಮೊಸರನ್ನವನ್ನು ಅಡುಗೆಮನೆಯ ಸಣ್ಣ ದೀಪದಲ್ಲಿ ಕುಳಿತು ತುತ್ತು ಮಾಡಿ ಕೊಡಿ.